ಪರದೆಯಕ್ಕನ ಕೈ

ಆ ಬೀದಿಯಲ್ಲಿ ಪರದೆಯಕ್ಕನ ಕೈಯ ಏಟು ತಿನ್ನದವರು ಕಡಿಮೆ. ಹಾಲಿನವನು ತಿಂದಿದ್ದ. ಪಕ್ಕದ ಬೀಗದಂಗಡಿಯವನು ತಿಂದಿದ್ದ. ಅಂಗಡಿಯ ಮೆಟ್ಟಿಲ ಮೇಲೆ ಉಗುಳಿದ ತಪ್ಪಿಗೆ ಒಬ್ಬ ಪೊಲೀಸಿನವನೂ ಕೆನ್ನೆಗೆ ತಿಂದು, "ಯಾರಿಗೂ ಹೇಳ್ಬೇಡಿ ಅಕ್ಕ" ಎಂದು ಕೇಳಿಕೊಂಡು ಹೋಗಿದ್ದ. ಕೋಪ ಅವಳಿಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು. ಬೇರೆಯವರಿಗೆ ಮಾತು ಬಾಯಿಗೆ ಬರುವ ಹೊತ್ತಿಗೆ ಅವಳ ಕೈ ಹೋಗಿ, ಕೆಲಸ ಮುಗಿಸಿ, ವಾಪಸು ಬಂದಿರುತ್ತಿತ್ತು.

ಅದೇ ಕೈ, ನೋಡಿ, ಕೆಲಸದ ಮೇಜಿನ ಮುಂದೆ ಕೂತರೆ ಬೇರೆಯೇ. ಹಳೆಯ ಮರದ ರೇಡಿಯೋಗಳಲ್ಲಿ ಸದ್ದು ಹೊರಬರುವ ಜಾಗಕ್ಕೆ ಒಂದು ನೇಯ್ಗೆ ಬಟ್ಟೆ ಬಿಗಿದಿರುತ್ತದಲ್ಲ, ಅದನ್ನು ಕಸುಬಿನವರು ಪರದೆ ಎನ್ನುತ್ತಾರೆ. ಹತ್ತಿ ದಾರ, ನಡುನಡುವೆ ಚಿನ್ನದ ಬಣ್ಣದ ಮಿರುಗು ದಾರ. ತಲೆಮಾರುಗಟ್ಟಲೆ ಧೂಳು, ಬಿಸಿಲು, ಬೀಡಿ ಹೊಗೆ ಕುಡಿದು ಕುಡಿದು ಅದು ಬಟ್ಟೆಯ ಹೆಸರಿನ ಬೂದಿಯಾಗಿರುತ್ತದೆ. ಉಗುರು ತಾಗಿದರೆ ಸೀಳು, ಜೋರಾಗಿ ಸೀನಿದರೆ ತೂತು. ಎಲ್ಲರೂ ಅದನ್ನು ಕಿತ್ತೆಸೆದು ಹೊಸದು ಅಂಟಿಸುತ್ತಾರೆ. ಪರದೆಯಕ್ಕನ ಮುಂದೆ ಆ ಮಾತೆತ್ತಿದರೆ ಮುಗಿಯಿತು.

"ಹೊಸ ಬಟ್ಟೆ ಹಾಕಿದ್ರೆ ಅದು ರೇಡಿಯೋ ಅಲ್ಲ ಕಣ್ರೀ, ರೇಡಿಯೋ ವೇಷ ಹಾಕಿದ ಡಬ್ಬ. ಬೇಕಾದ್ರೆ ಹೊರಗೆ ಹೋಗಿ ಡಬ್ಬ ಕೊಂಡ್ಕೊಳ್ಳಿ."

ಪರದೆಯನ್ನು ಅವಳು ಹಲಗೆಯಿಂದ ಕೀಳುತ್ತಿರಲಿಲ್ಲ. ಹಲಗೆಯ ಸಮೇತ ಮಲಗಿಸಿ, ಮೇಲೆ ತೆಳ್ಳನೆಯ ಬಲೆ ಹಾಸಿ, ಬಲೆಯ ಮೇಲಿಂದಲೇ ಧೂಳೆಳೆಯುವ ಯಂತ್ರವನ್ನು ಅತಿ ಸಣ್ಣಗೆ ಓಡಿಸುತ್ತಿದ್ದಳು; ಸಡಿಲವಾದ ದಾರವಿದ್ದರೆ ಬಲೆ ಅದನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಅಳಿಲ ಕೂದಲಿನ ಕುಂಚ. ನೀರು ಮುಟ್ಟಿಸುವ ಹಾಗಿಲ್ಲ. ನೀರು ಬಿದ್ದರೆ ಹತ್ತಿ ಕುಗ್ಗುತ್ತದೆ, ಮಿರುಗು ದಾರ ಸತ್ತುಹೋಗುತ್ತದೆ, ಬಿಗಿದ ಬಟ್ಟೆ ನಡುವೆಯೇ ಪರ್ ಎಂದು ಹರಿಯುತ್ತದೆ. ಹರಿದ ಕಡೆ ಹಿಂಬದಿಗೆ ತೆಳು ರೇಷ್ಮೆ ಬಲೆಯನ್ನು ಗಂಜಿ ಹಚ್ಚಿ ಕೂಡಿಸಬೇಕು. ಕಲೆಗಳಿಗೆ ಮಾತ್ರ ಹತ್ತಿಯ ಕಡ್ಡಿ, ಮತ್ತು ಕೆಲವಕ್ಕೆ ಅವಳದೇ ಉಗುಳು. ರಕ್ತದ ಕಲೆ ಬಿಡಿಸಲು ಉಗುಳಿನಂಥ ಮದ್ದಿಲ್ಲ. ಗಿರಾಕಿಗಳು ಮುಖ ಸಿಂಡರಿಸಿದರೆ, "ನಿಮ್ಮ ಉಗುಳೇನು ಕೇಳ್ಲಿಲ್ವಲ್ಲ, ಸುಮ್ನಿರಿ" ಎನ್ನುತ್ತಿದ್ದಳು.

ಕಲೆಯ ವಯಸ್ಸನ್ನೂ ಅವಳು ಹೇಳುತ್ತಿದ್ದಳು. ಕಲೆಯ ಮೇಲೆ ಧೂಳು ಕೂತಿದ್ದರೆ ಹಳೆಯದು. ಧೂಳಿನ ಮೇಲೆ ಕಲೆ ಕೂತಿದ್ದರೆ ಹೊಸದು. ಹನಿಗೆ ಬಾಲವಿದ್ದರೆ ಚಿಮ್ಮಿದ್ದು, ಇಲ್ಲದಿದ್ದರೆ ತೊಟ್ಟಿಕ್ಕಿದ್ದು. "ಮನುಷ್ಯರು ನನ್ನ ಹತ್ರ ಸುಳ್ಳು ಹೇಳ್ತಾರೆ, ಪರದೆ ಹೇಳಲ್ಲ" ಎನ್ನುವುದು ಅವಳ ಜಂಬ.

ಈ ಕಸುಬು ಅವಳಿಗೆ ಬಂದದ್ದು ಗಂಡನ ಅಂಗಡಿಯಿಂದ. ಅವನು ರೇಡಿಯೋ ರಿಪೇರಿಯವನು. ಕೆಟ್ಟ ರೇಡಿಯೋದ ನೆತ್ತಿಗೆ ಮೊದಲು ಒಂದು ಗುದ್ದು. ಅದಕ್ಕೂ ಮಾತಾಡದಿದ್ದರೆ ಆಮೇಲೆ ತಿರುಪು ಬಿಚ್ಚುವುದು. ಹೆಂಡತಿಗೂ ಅದೇ ವೈದ್ಯ. ಸಾರು ಸಪ್ಪೆಯಾದರೆ, ಗಿರಾಕಿಯ ಜೊತೆ ನಕ್ಕರೆ, ನಗದಿದ್ದರೆ. ಎಡಗಿವಿಗೆ ಒಮ್ಮೆ ಬಿದ್ದ ಏಟಿಗೆ ಒಳಗೆ ಏನೋ ಹರಿದು, ಆ ಕಿವಿ ಅಂದಿನಿಂದ ಕೇಳಲಿಲ್ಲ. ಏಟು ಬೀಳುವಾಗ ಅವಳು ಮೂಲೆಯಲ್ಲಿ ಕುಕ್ಕರಿಸಿ, ಗಲ್ಲ ಎದೆಗೊತ್ತಿ, ಎರಡೂ ಮೊಣಕೈ ಕೂಡಿಸಿ ತಲೆ ಮುಚ್ಚಿಕೊಳ್ಳುವುದನ್ನು ಕಲಿತಳು. ಹಾಗೆ ಕೂತರೆ ಮುಖಕ್ಕೆ ಬೀಳುವುದಿಲ್ಲ, ಬೆನ್ನಿಗೆ ಬೀಳುತ್ತದೆ. ಬೆನ್ನು ಗಿರಾಕಿಗಳಿಗೆ ಕಾಣುವುದಿಲ್ಲ.

ಒಂದು ದಿನ ಮೇಜಿನ ಕೆಳಗೆ ಆಡುತ್ತಿದ್ದ ಮಗಳನ್ನು ಅವನು ಜಡೆ ಹಿಡಿದು ಎಳೆದ. ಪರದೆಯಕ್ಕನ ಕೈಗೆ ಸಿಕ್ಕಿದ್ದು ರೇಡಿಯೋದಿಂದ ಬಿಚ್ಚಿಟ್ಟಿದ್ದ ಟ್ರಾನ್ಸ್‌ಫಾರ್ಮರ್, ಕಬ್ಬಿಣದ ಗಟ್ಟಿ. ಎರಡು ಕೈಯಲ್ಲಿ ಎತ್ತಿ ಅವನ ಭುಜಕ್ಕೆ ಇಳಿಸಿದಳು. ಹೆಗಲೆಲುಬು ಮುರಿದ ಸದ್ದು ಬೀಗದಂಗಡಿಯವನಿಗೂ ಕೇಳಿಸಿತು. ಗಂಡ ಆಮೇಲೆ ಕುಡಿದು ಲಿವರ್ ಸುಟ್ಟುಕೊಂಡು ಸಾಯುವವರೆಗೂ ಮತ್ತೆ ಕೈ ಎತ್ತಲಿಲ್ಲ. ಆ ದಿನದಿಂದ ಪರದೆಯಕ್ಕ ಯಾರ ಮುಂದೆಯೂ ತಲೆ ತಗ್ಗಿಸಲಿಲ್ಲ.

ಈ ಕತೆ ಅವಳ ಬಾಯಲ್ಲಿ ತಮಾಷೆಯಾಯಿತು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನಟನೆ ಸಮೇತ ಹೇಳುತ್ತಿದ್ದಳು. "ನಿಮ್ಮಪ್ಪ ಹಿಂಗೆ ಬಂದ. ನಾನು ಹಿಂಗೆ ಎತ್ತಿದೆ. ಡಬ್! ಆಮೇಲೆ ನಿಮ್ಮಪ್ಪ ಬೆಕ್ಕಿನ ಮರಿ!" ಮಗಳು ಬಿದ್ದು ಬಿದ್ದು ನಗುತ್ತಿದ್ದಳು, "ಇನ್ನೊಂದ್ಸಲ ಹೇಳಮ್ಮ" ಎನ್ನುತ್ತಿದ್ದಳು. ಕತೆಯ ಕೊನೆಗೆ ಬುದ್ಧಿಮಾತು ತಪ್ಪದೆ ಬರುತ್ತಿತ್ತು: "ಯಾವನೇ ಆಗ್ಲಿ, ಅವನ ಕೈ ಏಳೋದ್ರೊಳಗೆ ನಿನ್ನ ಕೈ ಇಳಿದಿರ್ಬೇಕು. ತಿಳೀತಾ?" ಮಗಳಿಗೆ ಚೆನ್ನಾಗಿ ತಿಳಿಯಿತು.

ಪರದೆಯಕ್ಕನಿಗೆ ಜೀವನದಲ್ಲಿ ಇದ್ದದ್ದು ಒಂದೇ ಹಟ. ತನ್ನ ಬೆನ್ನು ಕಂಡದ್ದನ್ನು ಮಗಳ ಬೆನ್ನು ಕಾಣಬಾರದು, ಮಗಳ ಮನೆಯಲ್ಲಿ ಏಟಿನ ಸದ್ದು ಕೇಳಬಾರದು. ಅಳಿಯನನ್ನು ಆರಿಸಿದ್ದೂ ಹಾಗೆಯೇ. ಹುಡುಗ ಮೊದಲ ಸಲ ಮನೆಗೆ ಬಂದಾಗ ಬೇಕೆಂದೇ ಬಿಸಿ ಚಹಾವನ್ನು ಅವನ ತೊಡೆಯ ಮೇಲೆ ಚೆಲ್ಲಿದಳು. ಅವನು ಹಲ್ಲು ಕಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು, "ಪರವಾಗಿಲ್ಲ ಬಿಡಿ, ನನ್ನದೇ ತಪ್ಪು, ಅಡ್ಡ ಕೂತಿದ್ದೆ" ಎಂದ. ಒಳಗೆ ಬಂದು ಅವಳು ಮೈದುನನಿಗೆ ಹೇಳಿದಳು, "ಇವನೇ. ಇವನ ಕೈ ಏಳೋ ಪೈಕಿ ಅಲ್ಲ."

ಅಳಿಯ ದೊಡ್ಡಾಸ್ಪತ್ರೆಯಲ್ಲಿ ಲಿಫ್ಟ್ ನಡೆಸುವವನು. ತಲೆಯ ಮೇಲೆ ಸರಕಾರಿ ಟೋಪಿ, ಬಾಯಲ್ಲಿ ಮೆಲುಮಾತು. ಗಂಡ ಸತ್ತ ಮೇಲೆ ರೇಡಿಯೋದ ಒಳಗಿನ ಕೆಲಸ ನೋಡಿಕೊಳ್ಳುತ್ತಿದ್ದ ಮೈದುನ, "ಅತ್ತಿಗೆ, ನಿಮ್ಮ ಅಳಿಯಂಗೆ ಮೇಲೆ ಕೆಳಗೆ ಬಿಟ್ರೆ ಬೇರೆ ದಿಕ್ಕೇ ಗೊತ್ತಿಲ್ಲ" ಎಂದು ಗೇಲಿ ಮಾಡುತ್ತಿದ್ದ. ಮದುವೆಗೆ ಪರದೆಯಕ್ಕ ತನ್ನ ಕೈಯಾರೆ ಸರಿಮಾಡಿದ ಒಂದು ರೇಡಿಯೋ ಕೊಟ್ಟಳು. ಅದರ ಪರದೆಗೆ ಅವಳು ಒಂದು ಇಡೀ ಮಳೆಗಾಲ ಕೂತಿದ್ದಳು. ಮಗಳಿಗೆ ರೇಡಿಯೋ ಎಂದರೆ ಅಷ್ಟಕ್ಕಷ್ಟೇ. ಅಳಿಯನಿಗೆ ಅದೇ ಪ್ರಾಣ.

ಅವನೇ ಒಂದು ಮಧ್ಯಾಹ್ನ ಹಳೆಯ ದುಪ್ಪಟಿಯಲ್ಲಿ ಸುತ್ತಿದ ಹಲಗೆಯನ್ನು ಕೂಸಿನಂತೆ ಎತ್ತಿಕೊಂಡು ಅಂಗಡಿಗೆ ಬಂದ. ರಜೆಯ ದಿನ, ಸೆಖೆ ಬೇರೆ. ಆದರೂ ತಲೆಯ ಮೇಲೆ ಟೋಪಿ.

"ಚಹಾ ಚೆಲ್ತು ಅತ್ತೆ, ಪರದೆ ಮೇಲೆ."

"ಚಹಾ ಕುಡಿಯೋಕೆ ಬಾಯಿ ಇಲ್ವಾ? ರೇಡಿಯೋಗೆ ಕುಡಿಸ್ತೀರಾ? ಮಗಳು ಹೇಗಿದಾಳೆ? ಫೋನ್ ಮಾಡಿದ್ರೆ ಮಗು ಗಲಾಟೆ, ಕೈ ಖಾಲಿ ಇಲ್ಲ ಅಂತ ಇಟ್ಬಿಡ್ತಾಳೆ."

"ಚೆನ್ನಾಗಿದಾಳೆ." ಅವನು ಹೋಗಲಿಲ್ಲ. ಬಾಗಿಲ ಚೌಕಟ್ಟನ್ನು ಸವರುತ್ತ ನಿಂತ. "ನೀವೇ ನೋಡಿ ಅತ್ತೆ. ಬೇರೆ ಯಾರ ಕೈಗೂ ಕೊಡ್ಬೇಡಿ. ನೀವು ನೋಡಿದ್ರೆ ನಿಮಗೇ ಗೊತ್ತಾಗುತ್ತೆ."

"ನನಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗುತ್ತೆ? ಹೋಗಿ, ಹೋಗಿ" ಎಂದು ಅವಳು ಓಡಿಸಿದಳು.

ಮೊದಲು ಕಂಡದ್ದು ಎಣ್ಣೆಯ ಗುರುತು, ಅಂಗೈಯಗಲ, ಪರದೆಯ ಬಲಬದಿಗೆ. ಸದ್ದು ಸಣ್ಣಗಿಟ್ಟು, ನೆಲದ ಮೇಲೆ ಕೂತು, ಪರದೆಗೇ ತಲೆಯಾನಿಸಿ ಕೇಳುವ ಚಟ ಅಳಿಯನಿಗೆ. ತಲೆಗೆ ಎಣ್ಣೆ ಹಾಕಿಕೊಂಡು ಒರಗುತ್ತಾನಲ್ಲ ದರಿದ್ರದವನು, ಎಂದು ಬಾಯಿ ತುಂಬ ಬೈದಳು. ಅದೇ ಎಣ್ಣೆಯ ಮೇಲೆ, ಸುತ್ತಲೂ, ಕಂದು ಹನಿಗಳು. ಹತ್ತಿಯ ಕಡ್ಡಿಯನ್ನು ನಾಲಿಗೆಗೆ ಮುಟ್ಟಿಸಿ ಒಂದು ಹನಿಯ ಮೇಲೆ ಮೆಲ್ಲಗೆ ಉರುಳಿಸಿದಳು. ಚಹಾ ಆಗಿದ್ದರೆ ಹಳದಿ ಬರಬೇಕಿತ್ತು. ಕೆಂಪು ಬಂತು.

ಅವಳ ಕೈ ನಿಂತಿತು. ದೀಪವನ್ನು ಹತ್ತಿರ ಎಳೆದಳು. ಹನಿಗಳಿಗೆಲ್ಲ ಬಾಲವಿತ್ತು, ಚಿಮ್ಮಿದ ರಕ್ತ. ಧೂಳಿನ ಮೇಲೆ ಕೂತಿತ್ತು, ಮೊನ್ನೆ ಮೊನ್ನೆಯದು. ಯಾರೋ ಬಿಸಿನೀರಿನ ಬಟ್ಟೆಯಿಂದ ಒರೆಸಲು ನೋಡಿ ಒಂದು ಕಡೆ ನೇಯ್ಗೆ ಕುಗ್ಗಿತ್ತು. ಮಗಳು ಸಣ್ಣವಳಿದ್ದಾಗ ಮಂಡಿ ಒಡೆದುಕೊಂಡು ಬಂದರೆ ಹೀಗೆಯೇ ಉಗುಳು ಹಚ್ಚಿ ಒರೆಸುತ್ತಿದ್ದಳು. ಈಗ ಅದೇ ಮಗಳ ರಕ್ತ ಕಡ್ಡಿಯ ತುದಿಯಲ್ಲಿ. ಫೋನ್ ಇಟ್ಟುಬಿಡುವುದು ಯಾಕೆಂದು ಈಗ ಅರ್ಥವಾಯಿತು. ಬಂದು ಮುಖ ತೋರಿಸದಿರುವುದು ಯಾಕೆಂದೂ ಅರ್ಥವಾಯಿತು. ಪಿತ್ತ ನೆತ್ತಿಗೇರಿತು.

ಚೌಕಟ್ಟು ಕೂಡಿಸುವ ಕೊಡತಿ, ದಪ್ಪ ತಲೆಯ ಮರದ ಸುತ್ತಿಗೆ, ಗೋಡೆಗೆ ನೇತಾಡುತ್ತಿತ್ತು. ಅದನ್ನು ತೆಗೆದುಕೊಂಡಳು.

"ಅತ್ತಿಗೆ, ಎಲ್ಲಿಗೆ? ಮೊದಲು ಕೇಳಿ ನೋಡೋಣ, ಯಾರದು ಏನು ಅಂತ..." ಮೈದುನ ಅಡ್ಡ ಬಂದ.

"ಕೇಳೋದಾ? ನನ್ನ ಕಣ್ಣಿಗೆ ಕಾಣ್ತಿದೆ!" ಎದೆಗೆ ಒಂದು ನೂಕು ಬಿತ್ತು. ಅವನು ತಂತಿಯ ಸುರುಳಿಗಳ ಮೇಲೆ ಕೂತುಬಿಟ್ಟ, ಅವಳು ಬೀದಿಯಲ್ಲಿದ್ದಳು.

ಅಳಿಯನ ಮನೆಗೆ ಮೂರು ಮಹಡಿ ಹತ್ತಬೇಕು. ಉಸಿರಿಗೆ ನಿಲ್ಲಲಿಲ್ಲ. ಬಾಗಿಲು ತೆರೆದವನು ಅವನೇ. ಅವಳನ್ನು ಕಂಡು ಅವನ ಮುಖ ಅರಳಿತು, ಬಹಳ ದಿನದಿಂದ ಕಾಯುತ್ತಿದ್ದವರು ಬಂದ ಹಾಗೆ. "ಗೊತ್ತಾಯ್ತಾ ಅತ್ತೆ?" ಎಂದ.

"ಗೊತ್ತಾಗ್ದೆ ಏನೋ, ಹಲ್ಕಾ!"

ಮೊದಲ ಏಟು ಭುಜಕ್ಕೆ. ಎರಡನೆಯದನ್ನು ತಡೆಯಲು ಅವನು ಎಡಗೈ ಅಡ್ಡ ಹಿಡಿದ. ಮೊಣಕೈಯ ಕೆಳಗೆ ಲಟಕ್ಕೆಂದು ಎಲುಬು ಮುರಿಯಿತು. ಅವನು ಕೂಗಲಿಲ್ಲ. ಗೋಡೆಗುಂಟ ಜಾರಿ ಮೂಲೆಗೆ ಸರಿದು ಕುಕ್ಕರಿಸಿದ. ಟೋಪಿ ಉರುಳಿ ಹೋಯಿತು. ಗಲ್ಲವನ್ನು ಎದೆಗೊತ್ತಿ, ಮೊಣಕೈಗಳನ್ನು, ಮುರಿದದ್ದನ್ನೂ ಸೇರಿಸಿ, ಕೂಡಿಸಿ ತಲೆ ಮುಚ್ಚಿಕೊಂಡ.

ಮೂರನೆಯ ಏಟಿಗೆ ಎತ್ತಿದ ಕೊಡತಿ ಮೇಲೆಯೇ ಉಳಿಯಿತು. ಆ ಕೂರುವ ರೀತಿ ಅವಳಿಗೆ ಗೊತ್ತಿತ್ತು. ಒಂದು ದಿನದಲ್ಲಿ ಬರುವ ವಿದ್ಯೆಯಲ್ಲ ಅದು. ಎಣ್ಣೆ ಹಾಕಿದ ಕೂದಲಿನ ನಡುವೆ, ಬಲಗಿವಿಯ ಮೇಲೆ, ಕರಿ ದಾರದ ಹೊಲಿಗೆಗಳು. ಎಣ್ಣೆಯ ಗುರುತೂ ರಕ್ತದ ಗುರುತೂ ಒಂದೇ ಜಾಗದಲ್ಲಿದ್ದವಲ್ಲ! ಒಂದೇ ತಲೆಯದು. ಪರದೆ ಎಲ್ಲವನ್ನೂ ಹೇಳಿತ್ತು, ಅವಳು ಅರ್ಧವನ್ನಷ್ಟೇ ಓದಿ ಎದ್ದುಬಂದಿದ್ದಳು.

ಒಳಗಿನಿಂದ ಮಗಳು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. ನೋಡಿ ನಕ್ಕಳು.

"ಅಯ್ಯೋ ಅಮ್ಮ, ಅವನೇನ್ ಮಾಡ್ದ ನಿಂಗೆ? ಬಿಡು ಪಾಪ, ಅವನ ಪಾಲಿನದು ಇವತ್ತು ಬೆಳಿಗ್ಗೇನೇ ಆಯ್ತು."

"ಆ ರಕ್ತ ಯಾರದೇ?"

"ಅವನದೇ. ಪರದೆಗೆ ತಲೆ ಕೊಟ್ಕೊಂಡು ಕೂತಿದ್ದ, ಎಷ್ಟು ಕರೆದ್ರೂ ಕೇಳಿಸ್ಲಿಲ್ಲ. ಇಸ್ತ್ರಿಪೆಟ್ಟಿಗೆ ಕೈಲಿತ್ತು, ಕೊಟ್ಟೆ. ಚಹಾ ಅಂತ ಹೇಳು ಅಂದಿದ್ದೆ, ಅದೂ ಬರಲ್ಲ ಇವನಿಗೆ."

"ಅವನು ನಿನ್ನ ಮೇಲೆ ಕೈ ಎತ್ತಿದ್ನಾ? ಒಂದ್ಸಲನಾದ್ರೂ?"

"ಎತ್ತೋವರೆಗೂ ಕಾಯ್ತಾ ಕೂರ್ಲಾ?" ಮಗಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ನೀನೇ ತಾನೆ ಹೇಳಿದ್ದು, ಅವನ ಕೈ ಏಳೋದ್ರೊಳಗೆ ಅಂತ?"

ಪರದೆಯಕ್ಕ ಕೊಡತಿಯನ್ನು ಕೆಳಗಿಳಿಸಿದಳು. ಮೇಜಿನ ಕೆಳಗೆ ಮೊಮ್ಮಗಳು ಬೊಂಬೆ ಹಿಡಿದು ಕೂತಿದ್ದಳು, ಇನ್ನೂ ಶಾಲೆಗೆ ಹೋಗದ ಮಗು. "ಬಾ ಚಿನ್ನ" ಎಂದು ಅಜ್ಜಿ ಬಗ್ಗಿ ಕೈ ಚಾಚಿದಳು. ಮಗು ಬೊಂಬೆಯನ್ನು ಬಿಟ್ಟು, ಗಲ್ಲ ಎದೆಗೊತ್ತಿ, ಎರಡು ಪುಟ್ಟ ಮೊಣಕೈ ಕೂಡಿಸಿ ತಲೆ ಮುಚ್ಚಿಕೊಂಡಿತು.

ಆಗ ಅವಳಿಗೆ ಬಂದ ಸಿಟ್ಟು ಹಿಂದೆಂದೂ ಬಂದಿರಲಿಲ್ಲ. ಕೊಡತಿ ತಾನಾಗಿಯೇ ಮೇಲೆದ್ದಿತು, ಮಗಳ ಕಡೆಗೆ. ಮಗಳು ಹೆದರಲಿಲ್ಲ. ಕಲಿತ ಪಾಠ ಮರೆತಿರಲಿಲ್ಲ. ತಾಯಿಯ ಕೈ ಪೂರ್ತಿ ಏಳುವುದರೊಳಗೆ ಅವಳ ಕೈ ಇಳಿದಿತ್ತು. ಬಲಗಿವಿಗೇ ಬಿತ್ತು, ಕೇಳುವ ಕಿವಿಗೆ. ತಲೆ ಗೋಡೆಗೆ ಬಡಿಯಿತು, ತುಟಿ ಒಡೆಯಿತು. ಲೋಕದ ಸದ್ದೆಲ್ಲ ದೂರದ ಸ್ಟೇಷನ್ನಿನ ಗೊರಗೊರವಾಯಿತು.

ಬೀದಿಯವರು ಅಲ್ಲಿದ್ದಿದ್ದರೆ ಇವತ್ತು ಒಂದು ಹೆಣ ಬೀಳುತ್ತದೆ ಎನ್ನುತ್ತಿದ್ದರು. ಪರದೆಯಕ್ಕ ಕೊಡತಿಯನ್ನು ಕೆಳಗೆ ಹಾಕಿದಳು. ಮಗುವನ್ನು ಎತ್ತಿ ಸೊಂಟಕ್ಕೆ ಕೂರಿಸಿಕೊಂಡಳು. ಅದು ಕಲ್ಲಿನಂತೆ ಬಿಗಿದಿತ್ತು. ಅಳಿಯನ ಸರಿಯಿದ್ದ ಕೈ ಹಿಡಿದು, "ಏಳಪ್ಪ" ಎಂದಳು.

"ನನ್ನ ಗಂಡನ್ನ, ನನ್ನ ಮಗೂನ ಎಲ್ಲಿಗೆ ಕರ್ಕೊಂಡ್ ಹೋಗ್ತಿದೀಯ?"

"ಆಸ್ಪತ್ರೆಗೆ. ಆಮೇಲೆ ನನ್ನ ಮನೆಗೆ."

"ನಾನಮ್ಮ ನಿನ್ನ ಮಗಳು! ಅವನಲ್ಲ!"

"ಗೊತ್ತು ಕಣೇ," ಎಂದಳು ಪರದೆಯಕ್ಕ. ಬಾಯಿಂದ ರಕ್ತ ಗಲ್ಲಕ್ಕೆ ಇಳಿಯುತ್ತಿತ್ತು. "ನನ್ನ ಮಗಳೇ."

ದೊಡ್ಡಾಸ್ಪತ್ರೆಯಲ್ಲಿ ಅಳಿಯನನ್ನು ಎಲ್ಲರೂ ಬಲ್ಲರು. ಕೈ ಹೇಗಾಯಿತೆಂದು ಡಾಕ್ಟರು ಕೇಳಿದಾಗ ಅವನು ರೂಢಿಯ ಪ್ರಕಾರ, "ಮೆಟ್ಟಿಲಿಂದ ಬಿದ್ದೆ" ಎಂದ.

"ನೀನು ಲಿಫ್ಟಿನವನಪ್ಪ! ಯಾವಾಗ ನೋಡಿದ್ರೂ ಮೆಟ್ಟಿಲಿಂದಾನೇ ಬೀಳ್ತೀಯಲ್ಲ!" ಡಾಕ್ಟರು ನಕ್ಕರು. ದಾದಿಯೂ ನಕ್ಕಳು.

"ಬಿದ್ದಿಲ್ಲ," ಪರದೆಯಕ್ಕ ಜೋರಾಗಿ ಹೇಳಿದಳು. ಕಿವಿ ಸರಿಯಿರಲಿಲ್ಲ, ತನ್ನ ದನಿ ಎಷ್ಟು ದೊಡ್ಡದೆಂದು ಅವಳಿಗೇ ತಿಳಿಯಲಿಲ್ಲ. "ಕೈ ಮುರಿದದ್ದು ನಾನು. ತಲೆ ಒಡೆದದ್ದು ನನ್ನ ಮಗಳು. ಬರ್ಕೊಳ್ಳಿ." ನಗು ನಿಂತುಹೋಯಿತು.

ಅತ್ತೆ ಅಳಿಯನನ್ನು ಹೊತ್ತುಕೊಂಡು ಬಂದಳೆಂದು ಬೀದಿ ಒಂದು ವಾರ ನಕ್ಕಿತು. ಹಾಲಿನವನು ಅವಳ ಮುಂದೆಯೇ ನಕ್ಕ. ಅವಳ ಕೈ ತುರಿಸಿತು. ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಹಾಲು ತೆಗೆದುಕೊಂಡು ಒಳಗೆ ಹೋದಳು. ಹಾಲಿನವನಿಗೆ ಏಟಿಗಿಂತ ಅದೇ ಹೆದರಿಕೆ ಹುಟ್ಟಿಸಿತು.

ಮಗಳು ಸುಮ್ಮನಿರಲಿಲ್ಲ. ಎದುರು ಪಾದಚಾರಿ ದಾರಿಯಲ್ಲಿ ನಿಂತು ಗಂಟಲು ಹರಿಯುವ ಹಾಗೆ ಕೂಗಿದಳು. ತನ್ನ ಕೀಲಿ ಹಾಕಿ ಬಾಗಿಲು ತೆಗೆಯಲು ನೋಡಿದಳು. ಬೀಗದಂಗಡಿಯವನು ಆಗಲೇ ಬೀಗ ಬದಲಿಸಿದ್ದ. ಒಂದು ಬೆಳಿಗ್ಗೆ ಕಲ್ಲೆಸೆದು ಅಂಗಡಿಯ ಗಾಜು ಒಡೆದಳು. ಚೂರುಗಳು ಮೇಜಿನ ಮೇಲಿದ್ದ ಪರದೆಯ ಮೇಲೆ ಬಿದ್ದವು. ಪರದೆಯಕ್ಕ ಅವನ್ನು ಚಿಮಟದಿಂದ ಒಂದೊಂದಾಗಿ ಎತ್ತಿದಳು. ಒಂದು ದಾರವೂ ಹೋಗಲಿಲ್ಲ. ಅವಳಿಗೆ ಅಳು ಬಂತು, ಅತ್ತಳು.

ಅದು ಅಳಿಯ ತಂದಿದ್ದ ಆ ಪರದೆಯೇ. ಧೂಳು ತೆಗೆದಳು, ಎಣ್ಣೆ ತೆಗೆದಳು, ಕುಗ್ಗಿದ ಕಡೆ ಹಿಂಬದಿಗೆ ರೇಷ್ಮೆ ಬಲೆ ಕೂಡಿಸಿದಳು. ರಕ್ತವನ್ನು ಮಾತ್ರ ಬಿಡಿಸಲಿಲ್ಲ. "ಇದೊಂದು ಉಳೀತಲ್ಲ ಅತ್ತಿಗೆ" ಎಂದ ಮೈದುನನಿಗೆ, "ಅದು ಇರ್ಲಿ, ಅದು ಅವಳು ನೋಡೋಕೆ" ಎಂದಳು. ಮೈದುನ ಅಳಿಯನ ಮನೆಯಿಂದ ಹೊತ್ತುತಂದ ರೇಡಿಯೋಗೆ ಹಲಗೆ ಕೂಡಿಸಿ, ಬಾಗಿಲಿಗೆ ಎದುರಾಗಿ ಇಟ್ಟಳು. ಅಳಿಯ ಕೈಗೆ ಪಟ್ಟಿ ಕಟ್ಟಿಕೊಂಡು ಅದರ ಪಕ್ಕದಲ್ಲಿ ಕೂತು ಕೇಳುತ್ತಿದ್ದ. ಸದ್ದು ಎಷ್ಟು ಬೇಕಾದರೂ ಜೋರಾಗಿಡಬಹುದೆಂದು ಅವನಿಗೆ ನಂಬಿಕೆ ಬರಲು ಬಹಳ ದಿನ ಹಿಡಿಯಿತು.

ಚಳಿ ಶುರುವಾದ ಮೇಲೆ ಒಂದು ಮಧ್ಯಾಹ್ನ ಮಗಳು ಕೂಗದೆ ಬಂದಳು. ಇಳಿದುಹೋಗಿದ್ದಳು. ಬಾಗಿಲಲ್ಲಿ ನಿಂತು, "ನಾನೇನ್ ಮಾಡ್ಬೇಕು ಹೇಳಮ್ಮ. ಮನೇಲಿ ಒಬ್ಬಳೇ ಇರೋಕಾಗಲ್ಲ" ಎಂದಳು. ಅಳಿಯ ರೇಡಿಯೋ ಆರಿಸಿದ. ಮಗು ಮೇಜಿನ ಕೆಳಗೆ ಹೋಯಿತು.

ಪರದೆಯಕ್ಕ ತನ್ನ ಎದುರಿನ ಸ್ಟೂಲನ್ನು ಕಾಲಿನಿಂದ ಮುಂದಕ್ಕೆ ತಳ್ಳಿದಳು. "ಕೂತ್ಕೋ. ಮಾತು ಬೇಡ. ಈ ಪರದೆಯ ಧೂಳು ತೆಗೆ. ಒಂದು ದಾರ ಹರಿದ್ರೂ ಎದ್ದು ಹೋಗ್ತಾ ಇರ್ಬೇಕು. ಕುಂಚ ಮೇಲಿದೆ, ತಗೋ."

ಕುಂಚಗಳ ಡಬ್ಬ ಪರದೆಯಕ್ಕನ ತಲೆಯ ಮೇಲಿನ ಕಪಾಟಿನಲ್ಲಿತ್ತು. ಮಗಳು ಹತ್ತಿರ ಬಂದು, ಅದನ್ನು ತೆಗೆಯಲು ಕೈ ಮೇಲೆತ್ತಿದಳು.

ಅಳಿಯ ಗಲ್ಲವನ್ನು ಎದೆಗೊತ್ತಿದ. ಮೇಜಿನ ಕೆಳಗೆ ಮಗು ತಲೆ ಮುಚ್ಚಿಕೊಂಡಿತು. ಮತ್ತು ಪರದೆಯಕ್ಕ, ಪೊಲೀಸಿನವನಿಗೇ ಬಾರಿಸಿದ ಪರದೆಯಕ್ಕ, ತನಗೇ ಅರಿವಿಲ್ಲದೆ ಎರಡೂ ಮೊಣಕೈ ಕೂಡಿಸಿ ತಲೆ ತಗ್ಗಿಸಿದ್ದಳು.

ಮಗಳು ಮೂವರನ್ನೂ ನೋಡಿದಳು. ಎತ್ತಿದ ಕೈಯನ್ನು ಏನು ಮಾಡುವುದೆಂದು ಅವಳಿಗೆ ತಿಳಿಯಲಿಲ್ಲ. ಅದನ್ನು ಮೆಲ್ಲಗೆ, ಬಹಳ ಮೆಲ್ಲಗೆ, ಯಾರಿಗೂ ತಾಗದ ಹಾಗೆ ಕೆಳಗಿಳಿಸಿದಳು.

"ಅಮ್ಮ, ಕುಂಚ ನೀನೇ ತೆಗೆದುಕೊಡು" ಎಂದಳು.